ಗೊಬ್ಬರ ಕಾಣದ ಪಟ್ಟೆ: ಸರ್ ಜಾನ್ ಬೆನೆಟ್ ಲಾಸ್ ಅವರ ಬದುಕು



ನಮ್ಮ ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದರು. ವೈದ್ಯನಾದ ನನ್ನಿಂದ ಅವರು ನಿರೀಕ್ಷಿಸಿದ್ದು ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತ ನಾಲ್ಕು ಉಪಯುಕ್ತ ಮಾತುಗಳನ್ನು. ಆದರೆ ಆ ವಿಷಯಗಳನ್ನೆಲ್ಲ ನಿಮ್ಮಲ್ಲಿ ಬಹಳ ಮಂದಿ ಯುಗಾದಿ ಊಟದ ಸಾಲಿನಲ್ಲೇ, ಕೈಯಲ್ಲಿ ಹೋಳಿಗೆ ಹಿಡಿದುಕೊಂಡು, ನನ್ನಿಂದ ಕೇಳಿ ತಿಳಿದಿದ್ದೀರಿ. ಆದ್ದರಿಂದ ಈ ಬಾರಿ ಡಾಕ್ಟರ ಕೋಟನ್ನು ಗೂಟಕ್ಕೆ ನೇತುಹಾಕಿ, ರೈತನ ಮಗನಾಗಿ ಒಬ್ಬ ರೈತನ ಕಥೆ ಹೇಳಲು ಅಪ್ಪಣೆ ಬೇಡುತ್ತೇನೆ. ಆತ ನಾವೀಗ ನೆಲೆಸಿರುವ ಈ ಇಂಗ್ಲೆಂಡಿನವರೇ. ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆಯ ಹಾದಿಯಲ್ಲಿರುವ ಹಾರ್ಪೆಂಡೆನ್ ಎಂಬ ಊರಿನವರು. ಹೆಸರು ಸರ್ ಜಾನ್ ಬೆನೆಟ್ ಲಾಸ್. ಹೆಸರು ಕೇಳಿದರೆ ನಮ್ಮವರಿಗೆ ನಷ್ಟದ ನೆನಪಾದೀತು. ಆದರೆ ಇವರಿಂದ ಲೋಕಕ್ಕಾದದ್ದು ಲಾಭವೇ.

ಮೊದಲು ನಮ್ಮ ಮನೆಯ ಒಂದು ಹಳೆಯ ಜಗಳವನ್ನು ಹೇಳಬೇಕು. ನಮ್ಮದು ಅರಸೀಕೆರೆ ಕಡೆಯ ಒಣಬೇಸಾಯದ ಊರು. ರಾಗಿಯೇ ನಮ್ಮ ಜೀವ. ನಮ್ಮ ತಾತ ಕೊಟ್ಟಿಗೆ ಗೊಬ್ಬರವನ್ನೂ ಕೆರೆಗೋಡನ್ನೂ ನಂಬಿದವರು. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿ, ಕುರಿಯವರಿಗೆ ರಾಗಿ ಅಳೆದುಕೊಡುತ್ತಿದ್ದವರು. ಅಪ್ಪ ಯೂರಿಯಾ ಚೀಲವನ್ನು ನಂಬಿದವರು. ಯೂರಿಯಾ ಎರಚಿದ ವರ್ಷ ಪೈರು ಕರ್ರಗೆ ಸೊಂಟದೆತ್ತರ ಬಂದಿತು. ಊರಿಗೂರೇ ಬಂದು ನೋಡಿತು. ಇನ್ನೊಂದು ವರ್ಷ ಹಾಗೆಯೇ ಬೆಳೆದ ಪೈರು ಗಾಳಿಮಳೆಗೆ ಮಲಗಿಬಿಟ್ಟಿತು. ತಾತ ಚೀಲವನ್ನು ದೂರಿದರು, ಅಪ್ಪ ಮಳೆಯನ್ನು ದೂರಿದರು. ತಾತ ತೀರಿಕೊಂಡ ಮೇಲೂ ಆ ವಾದ ಮುಗಿಯಲಿಲ್ಲ. ಊರಿಗೆ ಹೋದಾಗಲೆಲ್ಲ ಅಪ್ಪ ತಾತನ ಪಟದ ಕೆಳಗೆ ಕುಳಿತೇ ಅದನ್ನು ಮುಂದುವರಿಸುತ್ತಿದ್ದರು. ಆ ವಾದ ಏಕೆ ಮುಗಿಯಲಿಲ್ಲ ಎಂಬುದು ನನಗೆ ಹೊಳೆದದ್ದು ಒಂದು ಬೇಸಿಗೆಯಲ್ಲಿ, ಲಾಸ್ ಅವರ ಗೋಧಿ ಹೊಲದ ಅಂಚಿನಲ್ಲಿ ನಿಂತಾಗ.

ಲಾಸ್ ಹುಟ್ಟಿದ್ದು 1814ರ ಡಿಸೆಂಬರ್ 28ರಂದು, ಹಾರ್ಪೆಂಡೆನ್ ಬಳಿಯ ರೋಥಮ್‌ಸ್ಟೆಡ್ ಎಂಬ ಜಮೀನುದಾರರ ಮನೆಯಲ್ಲಿ. ಎಂಟು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಈಟನ್ ಶಾಲೆ, ಆಮೇಲೆ ಆಕ್ಸ್‌ಫರ್ಡ್. ಆದರೆ ಪದವಿ ಪಡೆಯದೆಯೇ ಮನೆಗೆ ಮರಳಿ, 1834ರ ಹೊತ್ತಿಗೆ ಜಮೀನಿನ ಹೊಣೆ ಹೊತ್ತರು. ಅವರಿಗೆ ಹಿಡಿದಿದ್ದ ಹುಚ್ಚು ರಸಾಯನಶಾಸ್ತ್ರದ್ದು. ಮನೆಯ ಒಳ್ಳೆಯ ಮಲಗುವ ಕೋಣೆಯೊಂದನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಆ ಮನೆಯವರು ಏನೆಂದುಕೊಂಡರೋ, ನಮ್ಮ ಮನೆಗಳಲ್ಲಾಗಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ. ವೈದ್ಯರಿಗೆ ಸಂತೋಷ ಕೊಡುವ ಸಂಗತಿಯೆಂದರೆ, ಅವರು ಮೊದಲು ಬೆಳೆಯಲು ಹೊರಟದ್ದು ಔಷಧಿ ಗಿಡಗಳನ್ನು: ಗಸಗಸೆ, ಬೆಲ್ಲಡೋನಾ ಮುಂತಾದವನ್ನು. ಅವುಗಳಿಂದ ಮದ್ದಿನ ಸಾರ ತೆಗೆಯಬೇಕೆಂಬುದು ಅವರ ಆಸೆಯಾಗಿತ್ತು. ಅದು ಬಹಳ ದಿನ ನಡೆಯಲಿಲ್ಲ.

ಅವರ ದಾರಿಯನ್ನು ತಿರುಗಿಸಿದ್ದು ನೆರೆಯ ಜಮೀನುದಾರರೊಬ್ಬರು ಮುಂದಿಟ್ಟ ಸಮಸ್ಯೆ. ಆಗ ಇಂಗ್ಲೆಂಡಿನ ರೈತರು ಮೂಳೆಯನ್ನು ಪುಡಿ ಮಾಡಿ ಟರ್ನಿಪ್ ಗೆಡ್ಡೆಯ ಹೊಲಗಳಿಗೆ ಹಾಕುತ್ತಿದ್ದರು. ಒಂದು ಹೊಲದಲ್ಲಿ ಮೂಳೆ ಪುಡಿ ಬಂಗಾರದಂತೆ ಕೆಲಸ ಮಾಡುತ್ತಿತ್ತು. ಇನ್ನೊಂದರಲ್ಲಿ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಯಾಕೆ ಹೀಗೆ? ಹುಳಿ ಮಣ್ಣಿನಲ್ಲಿ ಮೂಳೆಯ ರಂಜಕ ನಿಧಾನವಾಗಿ ಕರಗಿ ಬೇರಿಗೆ ಸಿಗುತ್ತದೆ. ಸುಣ್ಣದ ಅಂಶವಿರುವ ಜೇಡಿ ಮಣ್ಣಿನಲ್ಲಿ ಅದು ಕರಗುವುದೇ ಇಲ್ಲ. ಮಣ್ಣು ಕರಗಿಸದಿದ್ದರೆ ನಾವೇ ಕರಗಿಸಿ ಕೊಟ್ಟರಾಯಿತಲ್ಲ! ಲಾಸ್ ಮೂಳೆಗೂ, ಸಕ್ಕರೆ ಶುದ್ಧಿ ಮಾಡುವ ಕಾರ್ಖಾನೆಗಳಲ್ಲಿ ಬಳಸಿ ಬಿಸಾಡುತ್ತಿದ್ದ ಮೂಳೆಯ ಇದ್ದಿಲಿಗೂ ಗಂಧಕಾಮ್ಲ ಸುರಿದರು. ಆ ಪುಡಿಯನ್ನು 1839ರ ಸುಮಾರಿಗೆ ಕುಂಡಗಳ ಗಿಡಗಳಿಗೂ, ನಂತರದ ಎರಡು ವರ್ಷ ಟರ್ನಿಪ್ ಹೊಲಕ್ಕೂ ಹಾಕಿ ನೋಡಿದರು. ಗೆಡ್ಡೆಗಳು ಉಬ್ಬಿ ಬಂದವು. ಇದೇ ಸೂಪರ್ ಫಾಸ್ಫೇಟ್. ಇಂದು ನಮ್ಮೂರಿನ ಸೊಸೈಟಿಯಲ್ಲಿ ಚೀಲದ ಲೆಕ್ಕದಲ್ಲಿ ಸಿಗುವುದೂ ಇದರ ವಂಶದ್ದೇ.

1842ರಲ್ಲಿ ಲಾಸ್ ಇದಕ್ಕೆ ಪೇಟೆಂಟ್ ಪಡೆದರು. ಅದೇ ವರ್ಷ ಡಬ್ಲಿನ್ನಿನ ಸರ್ ಜೇಮ್ಸ್ ಮರ್ರೆ ಎಂಬ ವೈದ್ಯರೂ ಇಂಥದೇ ಪೇಟೆಂಟ್ ಪಡೆದಿದ್ದರು. ಹೊಟ್ಟೆಯುರಿಗೆ ಕುಡಿಯುವ ಮೆಗ್ನೀಷಿಯಾ ಔಷಧಿಯನ್ನು ದ್ರವರೂಪಕ್ಕೆ ತಂದ ಪುಣ್ಯಾತ್ಮರು ಇವರೇ. ಲಾಸ್ 1846ರಲ್ಲಿ ಆ ಪೇಟೆಂಟನ್ನೂ ಕೊಂಡುಕೊಂಡರು. 1842ರ ಕೊನೆಯಲ್ಲಿ ಅವರ ಮದುವೆಯಾಯಿತು. ಹೆಂಡತಿಯನ್ನು ಯೂರೋಪ್ ಪ್ರವಾಸಕ್ಕೆ ಕರೆದೊಯ್ಯುವ ಬದಲು ಥೇಮ್ಸ್ ನದಿಯಲ್ಲಿ ದೋಣಿ ಹತ್ತಿಸಿ, ಕಾರ್ಖಾನೆಗೆ ಜಾಗ ಹುಡುಕಿದರೆಂದು ಹೇಳುತ್ತಾರೆ. ಜಾಗವಂತೂ ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ಸಿಕ್ಕಿತು. 1843ರ ಬೇಸಿಗೆಯಲ್ಲಿ ಪತ್ರಿಕೆಯಲ್ಲಿ ಗೊಬ್ಬರದ ಜಾಹೀರಾತು ಬಂತು. ದೊಡ್ಡ ಮನೆತನದವನೊಬ್ಬ ಗೊಬ್ಬರದ ವ್ಯಾಪಾರಕ್ಕಿಳಿಯುವುದು ಆ ಕಾಲಕ್ಕೆ ಮರ್ಯಾದೆಯ ಕೆಲಸವಾಗಿರಲಿಲ್ಲ. ಲಾಸ್ ತಲೆ ಕೆಡಿಸಿಕೊಳ್ಳಲಿಲ್ಲ.

ಇಲ್ಲಿಯವರೆಗೆ ಇದು ಒಬ್ಬ ಜಾಣ ವ್ಯಾಪಾರಿಯ ಕಥೆ. ಇಷ್ಟೇ ಆಗಿದ್ದರೆ ನಾನು ನಿಮ್ಮ ಸಮಯ ಹಾಳು ಮಾಡುತ್ತಿರಲಿಲ್ಲ. ಅದೇ 1843ರಲ್ಲಿ ಲಾಸ್ ಇನ್ನೆರಡು ಕೆಲಸ ಮಾಡಿದರು. ಜೂನ್‌ನಲ್ಲಿ ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ಇಪ್ಪತ್ತೈದು ವರ್ಷದ ರಸಾಯನಶಾಸ್ತ್ರಜ್ಞರನ್ನು ಕೆಲಸಕ್ಕೆ ಸೇರಿಸಿಕೊಂಡರು. ಬಾಲ್ಯದಲ್ಲಿ ಬಂದೂಕಿನ ಅಪಘಾತದಿಂದ ಒಂದು ಕಣ್ಣು ಕಳೆದುಕೊಂಡಿದ್ದ ಗಿಲ್ಬರ್ಟ್, ಜರ್ಮನಿಯ ಮಹಾ ವಿಜ್ಞಾನಿ ಲೀಬಿಗ್ ಅವರ ಬಳಿ ಕಲಿತು ಬಂದವರು. ಲಾಸ್ ಯೋಚನೆಯ ಮನುಷ್ಯ, ಗಿಲ್ಬರ್ಟ್ ಲೆಕ್ಕದ ಮನುಷ್ಯ. ಈ ಜೋಡೆತ್ತು ಐವತ್ತೇಳು ವರ್ಷ ಒಂದೇ ನೊಗಕ್ಕೆ ಹೆಗಲು ಕೊಟ್ಟಿತು.

ಎರಡನೆಯ ಕೆಲಸ, ಆ ಶರತ್ಕಾಲದಲ್ಲಿ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋಧಿ ಬಿತ್ತಿದ್ದು. ಹೊಲವನ್ನು ಉದ್ದುದ್ದ ಪಟ್ಟೆಗಳಾಗಿ ವಿಂಗಡಿಸಿದರು. ಒಂದಕ್ಕೆ ಎಕರೆಗೆ 14 ಟನ್ನಿನಂತೆ ಕೊಟ್ಟಿಗೆ ಗೊಬ್ಬರ. ಕೆಲವಕ್ಕೆ ರಂಜಕ, ಪೊಟ್ಯಾಷ್ ಮುಂತಾದ ಲವಣಗಳು ಮಾತ್ರ. ಕೆಲವಕ್ಕೆ ಸಾರಜನಕವಿರುವ ಅಮೋನಿಯಾ ಲವಣ ಮಾತ್ರ. ಕೆಲವಕ್ಕೆ ಎರಡೂ ಸೇರಿ, ಬೇರೆ ಬೇರೆ ಪ್ರಮಾಣದಲ್ಲಿ. ಒಂದು ಪಟ್ಟೆಗೆ ಮಾತ್ರ ಏನೂ ಇಲ್ಲ. ಗೊಬ್ಬರದ ಒಂದು ಹಿಡಿಯೂ ಇಲ್ಲ. ಉಳುಮೆ ಅದೇ, ಬೀಜ ಅದೇ, ಮಳೆ ಅದೇ; ಗೊಬ್ಬರ ಮಾತ್ರ ಸೊನ್ನೆ. ಮೊದಲ ಕೆಲವು ವರ್ಷ ಅಲ್ಲಿ ಇಲ್ಲಿ ಬದಲಾವಣೆ ಮಾಡಿ, 1852ರಿಂದ ಬಹುತೇಕ ಪಟ್ಟೆಗಳಿಗೆ ವರ್ಷ ವರ್ಷವೂ ಅದೇ ಗೊಬ್ಬರ ಎಂದು ಗೊತ್ತುಮಾಡಿದರು.

ವೈದ್ಯಕೀಯ ಓದಿದವರಿಗೆ ಇದರ ಬೆಲೆ ಬೇಗ ಗೊತ್ತಾಗುತ್ತದೆ. ಒಂದು ಔಷಧಿ ಕೊಟ್ಟಾಗ ರೋಗಿ ಚೇತರಿಸಿಕೊಂಡರೆ ಅದು ಔಷಧಿಯಿಂದಲೋ, ಕಾಲ ಕಳೆದದ್ದರಿಂದಲೋ, ಗಂಜಿ ಕುಡಿದದ್ದರಿಂದಲೋ? ಔಷಧಿ ಸಿಗದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ನೋಡಿದರಷ್ಟೇ ಗೊತ್ತಾಗುತ್ತದೆ. ಬೆಳೆ ಚೆನ್ನಾಗಿ ಬಂದರೆ ಗೊಬ್ಬರದ ಮಹಿಮೆ, ಬಾರದಿದ್ದರೆ ಮಳೆಯ ತಪ್ಪು ಎನ್ನುವ ನಮ್ಮ ಮನೆಯ ವಾದಕ್ಕೆ ಉತ್ತರ ಇದ್ದದ್ದು ಆ ಬರಿ ಪಟ್ಟೆಯಲ್ಲಿ. ತಾತನೂ ಬಿಡಲಿಲ್ಲ, ಅಪ್ಪನೂ ಬಿಡಲಿಲ್ಲ ಅಂಥದೊಂದು ಪಟ್ಟೆಯನ್ನು. ಹೊಟ್ಟೆಪಾಡಿನ ಹೊಲದಲ್ಲಿ ಯಾರು ತಾನೇ ಬಿಟ್ಟಾರು?

ಆ ಹೊಲ ಹೇಳಿದ್ದೇನು? 1852ರಿಂದ ಸುಮಾರು ಐವತ್ತು ವರ್ಷಗಳ ಸರಾಸರಿಯನ್ನು ನಮ್ಮ ಲೆಕ್ಕಕ್ಕೆ ತಂದು ಹೇಳುತ್ತೇನೆ. ಬರಿ ಪಟ್ಟೆಯಲ್ಲಿ ಎಕರೆಗೆ ಸುಮಾರು ಮೂರೂವರೆ ಕ್ವಿಂಟಾಲ್ ಗೋಧಿ. ಸಾರಜನಕವಿಲ್ಲದೆ ರಂಜಕ, ಪೊಟ್ಯಾಷ್ ಮುಂತಾದವನ್ನಷ್ಟೇ ಕೊಟ್ಟಲ್ಲಿ ಸುಮಾರು ನಾಲ್ಕು. ಸಾರಜನಕವನ್ನಷ್ಟೇ, ಎಕರೆಗೆ 40 ಕೆ.ಜಿ.ಯಂತೆ ಕೊಟ್ಟಲ್ಲಿ ಐದೂವರೆ. ಅಷ್ಟೇ ಸಾರಜನಕದ ಜೊತೆಗೆ ಆ ಲವಣಗಳನ್ನೂ ಸೇರಿಸಿದಲ್ಲಿ ಒಂಬತ್ತು! ಒಂದೊಂದೇ ಕೊಟ್ಟಾಗ ಅಲ್ಪಸ್ವಲ್ಪ ಏರಿದ ಇಳುವರಿ, ಎರಡೂ ಕೂಡಿದಾಗ ಹಾರಿಬಿಟ್ಟಿತು. ಗಿಡಕ್ಕೆ ಯಾವುದು ಕಡಿಮೆಯೋ ಅದೇ ಅದರ ಬೆಳವಣಿಗೆಗೆ ಕಟ್ಟು ಹಾಕುತ್ತದೆ. ಕಬ್ಬಿಣಾಂಶವಿಲ್ಲದ ತಾಯಿಗೆ ಬರೀ ತುಪ್ಪ ತಿನ್ನಿಸಿದರೆ ರಕ್ತ ಏರುವುದಿಲ್ಲವಷ್ಟೆ, ಹಾಗೆ.

ಸಾರಜನಕದ ಪ್ರಮಾಣವನ್ನು ಹೆಚ್ಚಿಸುತ್ತ ಹೋದರೆ? ಲವಣಗಳ ಜೊತೆಗೆ ಮೊದಲ 20 ಕೆ.ಜಿ. ಕೊಟ್ಟಾಗ ಇಳುವರಿ ನಾಲ್ಕರಿಂದ ಆರೂವರೆ ಕ್ವಿಂಟಾಲಿಗೆ ಏರಿತು. ಇನ್ನೊಂದು 20ಕ್ಕೆ ಒಂಬತ್ತಾಯಿತು. ಮೂರನೆಯ 20ಕ್ಕೆ ಮಾತ್ರ ಬರೀ ಹತ್ತು. ಮೊದಲ ಹಿಡಿಗೆ ಸಿಕ್ಕ ಫಲ ಮೂರನೆಯ ಹಿಡಿಗೆ ಸಿಗುವುದಿಲ್ಲ. ಕೊಟ್ಟಿಗೆ ಗೊಬ್ಬರದ ಪಟ್ಟೆಯೂ ಹಿಂದೆ ಬೀಳದೆ ಒಂಬತ್ತೂವರೆ ಕ್ವಿಂಟಾಲಿನಷ್ಟು ಕೊಟ್ಟಿತು. ಇದನ್ನು ಓದಿದಾಗ ತಾತನಿಗೂ ಅಪ್ಪನಿಗೂ ಒಂದೊಂದು ಕಾಗದ ಬರೆಯೋಣವೆನ್ನಿಸಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಲಾಸ್ ಮಾರುತ್ತಿದ್ದದ್ದು ಸೂಪರ್ ಫಾಸ್ಫೇಟ್. ಟರ್ನಿಪ್‌ಗೆ ಅದು ಚೆನ್ನಾಗಿ ಒದಗುತ್ತಿತ್ತು. ಆದರೆ ಗೋಧಿಗೆ, ಸಾರಜನಕವಿಲ್ಲದೆ ಅದನ್ನು ಕೊಟ್ಟರೆ ಹೆಚ್ಚು ಪ್ರಯೋಜನವಿಲ್ಲವೆಂದು ಅವರದೇ ಹೊಲ ಹೇಳುತ್ತಿತ್ತು. ತನ್ನ ಅಂಗಡಿಯ ಸರಕಿಗೆ ಮಿತಿ ಹಾಕುವ ಲೆಕ್ಕವನ್ನು ವ್ಯಾಪಾರಿ ಮುಚ್ಚಿಡಬಹುದಿತ್ತು. ಲಾಸ್ ಮತ್ತು ಗಿಲ್ಬರ್ಟ್ ಅದನ್ನು ರಾಯಲ್ ಕೃಷಿ ಸಂಘದ ಪತ್ರಿಕೆಯಲ್ಲಿ ಅಂಕಿಗಳ ಸಮೇತ ಅಚ್ಚು ಹಾಕಿಸಿದರು. ಔಷಧಿ ಕಂಪನಿಯ ಪ್ರತಿನಿಧಿಗಳು ಬಣ್ಣದ ಕಾಗದ ಹಿಡಿದು ನನ್ನ ಕೋಣೆಗೆ ಬಂದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಇದರಿಂದ ಗಿಲ್ಬರ್ಟರ ಗುರು ಲೀಬಿಗ್ ಅವರೊಡನೆಯೇ ದೊಡ್ಡ ಯುದ್ಧವಾಯಿತು. ಗಿಡಕ್ಕೆ ಬೇಕಾದ ಸಾರಜನಕ ಗಾಳಿ ಮಳೆಗಳಿಂದಲೇ ಸಾಕಷ್ಟು ಬರುತ್ತದೆ, ಮಣ್ಣಿಗೆ ಖನಿಜ ಲವಣಗಳನ್ನು ತುಂಬಿಕೊಟ್ಟರೆ ಸಾಕು ಎಂದು ಲೀಬಿಗ್ ನಂಬಿದ್ದರು. 1845ರಲ್ಲಿ ಅವರ ಹೆಸರಿನ ಗೊಬ್ಬರವೂ ಮಾರುಕಟ್ಟೆಗೆ ಬಂದು ಸೋತಿತು. ಅದರ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗುತ್ತಿರಲಿಲ್ಲ, ಜೊತೆಗೆ ಸಾರಜನಕವನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ವಾದ ವರ್ಷಗಟ್ಟಲೆ ನಡೆಯಿತು, ಮಾತು ಬಿಸಿಯಾಯಿತು. ಗೋಧಿಯ ಮಟ್ಟಿಗೆ ಗೆದ್ದದ್ದು ಬ್ರಾಡ್‌ಬಾಕ್.

ಆದರೆ ಇವರೂ ಒಂದು ಕಡೆ ಎಡವಿದರು. ಆ ಎಡವಟ್ಟೇ ನನಗೆ ಅವರ ಬದುಕಿನ ರಸವತ್ತಾದ ಭಾಗ. ಕ್ಲೋವರ್ ಎಂಬ ಮೇವಿನ ಸಸ್ಯ ನಮ್ಮ ಅವರೆ, ಹುರುಳಿ, ತೊಗರಿಗಳ ಬಳಗದ್ದು. ಅದನ್ನು ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಸಾರಜನಕ ಉಂಡಂತೆ ಹುಲುಸಾಗುತ್ತಿತ್ತು. ಆ ಸಾರಜನಕ ಎಲ್ಲಿಂದ ಬಂತು? 1857ರಿಂದ ಅಮೆರಿಕದ ಇವಾನ್ ಪ್ಯೂ ಎಂಬ ತರುಣ ವಿಜ್ಞಾನಿಯೊಡನೆ ಸೇರಿ ಪರೀಕ್ಷೆ ನಡೆಸಿದರು. ತಪ್ಪು ನುಸುಳಬಾರದೆಂದು ಮಣ್ಣನ್ನು ಕೆಂಪಗೆ ಕಾಯಿಸಿ ಶುದ್ಧಿ ಮಾಡಿ, ಗಿಡಗಳನ್ನು ಗಾಜಿನ ಗುಮ್ಮಟದೊಳಗೆ ಬೆಳೆಸಿದರು. ಯಾವ ಗಿಡವೂ ಗಾಳಿಯ ಸಾರಜನಕವನ್ನು ಹೀರಲಿಲ್ಲ. ಗಿಡಕ್ಕೆ ಆ ಶಕ್ತಿಯಿಲ್ಲವೆಂದು ತೀರ್ಮಾನವಾಯಿತು. ಪರೀಕ್ಷೆ ನಿಖರ, ಆದರೆ ಕಾಯಿಸಿದ ಮಣ್ಣಿನಲ್ಲಿ ಸತ್ತುಹೋಗಿದ್ದದ್ದೇ ಉತ್ತರ! ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆಂದು 1886ರಿಂದ 1888ರ ನಡುವೆ ಜರ್ಮನಿಯ ಹೆಲ್ರೀಗಲ್ ಮತ್ತು ವಿಲ್ಫಾರ್ತ್ ತೋರಿಸಿಕೊಟ್ಟರು. ಆಗ ಎಪ್ಪತ್ತು ದಾಟಿದ್ದ ಈ ಮುದುಕರಿಬ್ಬರೂ ಏನು ಮಾಡಿದರು? ಮತ್ತೆ ಕುಂಡಗಳನ್ನು ಜೋಡಿಸಿ, ಆ ಪರೀಕ್ಷೆಯನ್ನು ತಾವೇ ಮಾಡಿ ನೋಡಿ, ಅದು ನಿಜವೆಂದು ಪ್ರಕಟಿಸಿದರು. ರಾಗಿಯ ಸಾಲುಗಳ ನಡುವೆ ಅವರೆ ಅಕ್ಕಡಿ ಹಾಕುತ್ತಿದ್ದ ನಮ್ಮ ಹಿರಿಯರಿಗೆ ಕಾರಣ ಗೊತ್ತಿರಲಿಲ್ಲ, ಆದರೆ ಕೈಗೆ ಗೊತ್ತಿತ್ತು.

1856ರಲ್ಲಿ ಮನೆಯ ಮುಂದಿನ ಹುಲ್ಲುಗಾವಲಿನಲ್ಲೂ ಇಂಥದೇ ಪ್ರಯೋಗ ಹೂಡಿದರು. ಅಲ್ಲಿ ಕಂಡದ್ದು ಬೇರೆಯೇ ಪಾಠ. ಗೊಬ್ಬರವಿಲ್ಲದ ತುಂಡಿನಲ್ಲಿ ಹುಲ್ಲು ಕಡಿಮೆ, ಆದರೆ ಹತ್ತಾರು ಬಗೆಯ ಗಿಡಗಳು, ಹೂವುಗಳು. ಸಾರಜನಕ ಸುರಿದ ತುಂಡುಗಳಲ್ಲಿ ಹುಲ್ಲಿನ ತೂಕ ಹೆಚ್ಚು, ಬಗೆ ಕಡಿಮೆ. ಅಮೋನಿಯಾ ಲವಣ ಹೆಚ್ಚಾಗಿ ಹಾಕಿ ಸುಣ್ಣ ಹಾಕದ ತುಂಡುಗಳಲ್ಲಿ ಮಣ್ಣು ಹುಳಿಯಾಗಿ, ಕೊನೆಗೆ ಎರಡು ಮೂರು ಜಾತಿಯ ಒರಟು ಹುಲ್ಲಷ್ಟೇ ಉಳಿಯಿತು. ಬ್ರಾಡ್‌ಬಾಕ್‌ನ ಪಟ್ಟೆಗಳ ಕೆಳಗೆ ಹೂತಿದ್ದ ಕೊಳವೆಗಳಿಂದ ಹರಿದುಬಂದ ನೀರನ್ನೂ ಹಿಡಿದು ಪರೀಕ್ಷಿಸಿದರು. ಬೆಳೆಗೆಂದು ಹಾಕಿದ ಸಾರಜನಕದಲ್ಲಿ ಒಂದು ಪಾಲು ನೈಟ್ರೇಟಾಗಿ ನೀರಿನ ಪಾಲಾಗುತ್ತಿತ್ತು. ಹೆಚ್ಚು ಹಾಕಿದಷ್ಟೂ ಹೆಚ್ಚು ನಷ್ಟ. ಬಾವಿ ನೀರಿನ ನೈಟ್ರೇಟಿನಿಂದ ಹಸುಗೂಸುಗಳು ನೀಲಿಗಟ್ಟುವ ಕಾಯಿಲೆಯನ್ನು ವೈದ್ಯರು ಗುರುತಿಸಿದ್ದು 1945ರಲ್ಲಿ; ಆ ನೀರಿನ ಲೆಕ್ಕ ರೋಥಮ್‌ಸ್ಟೆಡ್‌ನಲ್ಲಿ ಅದಕ್ಕೆ ಎಪ್ಪತ್ತು ಎಂಬತ್ತು ವರ್ಷ ಮೊದಲೇ ಶುರುವಾಗಿತ್ತು.

ಲಾಸ್ ಊರಿನವರನ್ನೂ ಮರೆಯಲಿಲ್ಲ. ಕೂಲಿಯವರಿಗೆ ತರಕಾರಿ ಬೆಳೆದುಕೊಳ್ಳಲು ತುಂಡು ಜಮೀನು ಕೊಟ್ಟರು. 1857ರಲ್ಲಿ ಅವರಿಗೊಂದು ಕ್ಲಬ್ ಕಟ್ಟಿಸಿದರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅದನ್ನು ನೋಡಿ ಬಂದು 1859ರಲ್ಲಿ ತಮ್ಮ ಪತ್ರಿಕೆಯಲ್ಲಿ ಬರೆದರು. ರೈತರು ಚಂದಾ ಎತ್ತಿ ಸನ್ಮಾನ ಮಾಡಲು ಬಂದಾಗ, ಆ ಹಣದಲ್ಲಿ ಪ್ರಯೋಗಶಾಲೆ ಕಟ್ಟಿಸಿ ಎಂದರು. ಅದು 1855ರಲ್ಲಿ ತೆರೆಯಿತು. 1872ರಲ್ಲಿ ಗೊಬ್ಬರದ ವ್ಯಾಪಾರವನ್ನು ಮೂರು ಲಕ್ಷ ಪೌಂಡಿಗೆ ಮಾರಿದರು. ಅದರ ಮೂರನೆಯ ಒಂದು ಪಾಲಾದ ಒಂದು ಲಕ್ಷ ಪೌಂಡನ್ನು, ತಾವು ಸತ್ತ ಮೇಲೂ ಪ್ರಯೋಗಗಳು ನಿಲ್ಲಬಾರದೆಂದು 1889ರಲ್ಲಿ ಟ್ರಸ್ಟ್ ಮಾಡಿ ಬಿಟ್ಟುಕೊಟ್ಟರು. ಸರ್ ಪದವಿ 1882ರಲ್ಲಿ ಬಂದಿತ್ತು. 1900ರ ಆಗಸ್ಟ್ 31ರಂದು, ಹುಟ್ಟಿದ ಮನೆಯಲ್ಲೇ, ಎಂಬತ್ತೈದನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಮರುವರ್ಷ ಗಿಲ್ಬರ್ಟರೂ ಹೋದರು. ಇಬ್ಬರ ಸಮಾಧಿಗಳೂ ಹಾರ್ಪೆಂಡೆನ್ನಿನ ಒಂದೇ ಚರ್ಚಿನ ಅಂಗಳದಲ್ಲಿವೆ.

ಹೊಲ ಮಾತ್ರ ನಿಲ್ಲಲಿಲ್ಲ. ಅಲ್ಲಿ ಕೂಡಿಬಿದ್ದಿದ್ದ ಅಂಕಿಗಳ ರಾಶಿಯನ್ನು ಬಿಡಿಸಲೆಂದು 1919ರಲ್ಲಿ ರೊನಾಲ್ಡ್ ಫಿಷರ್ ಎಂಬ ಗಣಿತಜ್ಞರು ಬಂದರು. ಮಳೆಯ ಪಾಲೆಷ್ಟು, ಮಣ್ಣಿನ ಪಾಲೆಷ್ಟು, ಗೊಬ್ಬರದ ಪಾಲೆಷ್ಟು ಎಂದು ಬೇರ್ಪಡಿಸುವ ಸಂಖ್ಯಾಶಾಸ್ತ್ರವನ್ನು ಅಲ್ಲಿಯೇ ಕಟ್ಟಿದರು. ಯಾವ ತುಂಡಿಗೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿದಂತೆ ಹಂಚಬೇಕೆಂದೂ ಕಲಿಸಿದರು. ಅದೇ ವಿಧಾನ ಹೊಲದಿಂದ ಆಸ್ಪತ್ರೆಗೆ ಬಂತು. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ನಿಜಕ್ಕೂ ಕೆಲಸ ಮಾಡುತ್ತದೆಂದು 1948ರಲ್ಲಿ ಬ್ರಿಟನ್ನಿನಲ್ಲಿ ಸಾಬೀತಾದದ್ದು ಹೀಗೆಯೇ. ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿ ಜಗತ್ಪ್ರಸಿದ್ಧರಾದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು ಕೇಂಬ್ರಿಡ್ಜ್‌ನಲ್ಲಿ ಡಾಕ್ಟರೇಟ್ ಮಾಡಿದ್ದು ಇದೇ ಫಿಷರ್ ಅವರ ಮಾರ್ಗದರ್ಶನದಲ್ಲಿ. ನಾನು ಬರೆದುಕೊಡುವ ಪ್ರತಿಯೊಂದು ಹೊಸ ಮಾತ್ರೆಯ ಹಿಂದೆಯೂ ಒಂದು ಗೋಧಿ ಹೊಲದ ಋಣವಿದೆ.

ರೋಥಮ್‌ಸ್ಟೆಡ್‌ನ ಮಾದರಿ ನಮ್ಮ ದೇಶಕ್ಕೂ ಬಂದಿದೆ. ಕೊಯಮತ್ತೂರಿನಲ್ಲಿ 1909ರಲ್ಲೇ ಇಂಥ ದೀರ್ಘಕಾಲದ ಪ್ರಯೋಗ ಆರಂಭವಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ 1986ರಿಂದ ರಾಗಿ ಮತ್ತು ಮೆಕ್ಕೆಜೋಳದ ಮೇಲೆ ನಡೆದಿದೆ. ಅಲ್ಲಿಯ ಕೆಂಪು ಮಣ್ಣು ಹೇಳಿದ ತೀರ್ಪು ಸ್ಪಷ್ಟ: ಸಾರಜನಕವನ್ನೊಂದೇ ವರ್ಷ ವರ್ಷವೂ ಹಾಕಿದಲ್ಲಿ ಮಣ್ಣು ಹುಳಿಯಾಗಿ ಇಳುವರಿ ಕುಸಿಯಿತು, ಸಾರಜನಕ, ರಂಜಕ, ಪೊಟ್ಯಾಷ್ ಮೂರರ ಜೊತೆಗೆ ಕೊಟ್ಟಿಗೆ ಗೊಬ್ಬರವನ್ನೂ ಕೊಟ್ಟಲ್ಲಿ ಇಳುವರಿ ನಿಂತಿತು. ಅಂದರೆ ತಾತನೂ ಸರಿ, ಅಪ್ಪನೂ ಸರಿ. ಇಬ್ಬರೂ ಅರ್ಧರ್ಧ.

ಕಳೆದ ಬಾರಿ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ನೂರೆಂಬತ್ತು ವರ್ಷ ಒಂದು ತುಂಡು ಹೊಲವನ್ನು ಉಪವಾಸ ಕೆಡವಿದ ಪುಣ್ಯಾತ್ಮನಿಗೆ ಊಟಕ್ಕೆ ತೊಂದರೆಯಿರಲಿಲ್ಲವೇನೋ ಎಂದು ನಕ್ಕರು. ಮಾತು ನಿಜ. ಆ ಪಟ್ಟೆ ಇಂದಿಗೂ ಹೆಕ್ಟೇರಿಗೆ ಒಂದು ಟನ್ನಿನ ಆಸುಪಾಸು ಗೋಧಿ ಕೊಡುತ್ತಿದೆ, ಆದರೆ ಅದನ್ನೇ ನಂಬಿ ಬದುಕುವವರು ಯಾರೂ ಅಲ್ಲಿಲ್ಲ. ನಾನು ವಾದ ಬೆಳೆಸಲಿಲ್ಲ.

ಈ ಮುಂಗಾರಿನಲ್ಲಿ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಮೇಲಿನ ಹೊಲದಲ್ಲಿ, ಬೇಲಿಯ ಪಕ್ಕ, ನಾಲ್ಕು ಮಾರು ಅಗಲದ ಒಂದು ಪಟ್ಟೆಗೆ ಏನೂ ಹಾಕಬೇಡವೆಂದು ಅಪ್ಪನೇ ನಿಂತು ಹೇಳಿದರಂತೆ. ಅದರ ಪಕ್ಕಕ್ಕೆ ಯೂರಿಯಾ ಮಾತ್ರ, ಅದರಾಚೆಗೆ ತಿಪ್ಪೆ ಗೊಬ್ಬರ ಮಾತ್ರ, ಕೊನೆಯದಕ್ಕೆ ಎಲ್ಲವೂ. ಒಕ್ಕಣೆಯಾದ ಮೇಲೆ ನಾಲ್ಕನ್ನೂ ಬೇರೆ ಬೇರೆ ತೂಗಿ ನನಗೆ ತಿಳಿಸಬೇಕೆಂದು ಅಪ್ಪಣೆಯಾಗಿದೆ. ತೂಕ ಬಂದೊಡನೆ ನಿಮಗೂ ತಿಳಿಸುತ್ತೇನೆ.

 ರಜೆಯಲ್ಲಿ ಒಮ್ಮೆ ಮಕ್ಕಳನ್ನು ಹಾರ್ಪೆಂಡೆನ್ನಿಗೆ ಕರೆದುಕೊಂಡು ಹೋಗಿ. ರಾಗಿ ಮುದ್ದೆ ಅಲ್ಲಿ ಸಿಗುವುದಿಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಬೇಕು.